ಲೆಕ್ಕಕ್ಕೆ ಸೇರದ ಒಂದು ಸುತ್ತು

1951ರ ಮಾತು. ಬಳ್ಳಾರಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ ನನ್ನನ್ನು ಸಿರುಗುಪ್ಪದ ಅಕ್ಕಿ ಗಿರಣಿಗೆ ಗೇರ್‌ಬಾಕ್ಸ್ ಕೂರಿಸಲು ಕಳಿಸಿದರು. ಹೆತ್ತವರು ತೀರಿಹೋಗಿದ್ದರು, ಮದುವೆಯಾಗಿರಲಿಲ್ಲ. ಗಿರಣಿಯಲ್ಲಿ ಎಲ್ಲರೂ ದೂರದಿಂದಲೇ ‘ಸಾರ್’ ಎನ್ನುತ್ತಿದ್ದರು, ಅಷ್ಟೇ. ಎಷ್ಟೋ ದಿನ ಯಾರೊಂದಿಗೂ ಮನಬಿಚ್ಚಿ ಮಾತಾಡದೆ ಮಲಗುತ್ತಿದ್ದೆ.

ಗೇರ್‌ಬಾಕ್ಸಿನ ನಡುವೆ ಇಪ್ಪತ್ತನಾಲ್ಕು ಹಲ್ಲಿನ ಸೂರ್ಯಗಾಲಿ, ಅದರ ಸುತ್ತ ಮೂರು ಗ್ರಹಗಾಲಿಗಳು, ಹೊರಗೆ ಕದಲದ ಎಪ್ಪತ್ತೆರಡು ಹಲ್ಲಿನ ಬಳೆ. ಭಾಗಿಸಿದರೆ ಮೂರು. ಸೂರ್ಯ ಮೂರು ಸುತ್ತಿದರೆ ಗ್ರಹಗಳನ್ನು ಹೊತ್ತ ಚೌಕಟ್ಟು ಒಂದು ಸುತ್ತುತ್ತದೆ ಎಂದು ಎಣಿಸಿ, ಭತ್ತ ಎತ್ತುವ ಬುಟ್ಟಿಗಳ ಬೆಲ್ಟು ಎಳೆಯಲು ಅದಕ್ಕೆ ತಕ್ಕ ಪುಲ್ಲಿ ಕೂರಿಸಿದೆ. ಲೆಕ್ಕದಲ್ಲಿ ನಾನೇ ಹುಲಿ ಎಂಬ ಗರ್ವ ಬೇರೆ! ಚಾಲೂ ಮಾಡಿದರೆ ಬುಟ್ಟಿಗಳು ಆಮೆಯಂತೆ ಏರಿ, ಭತ್ತವನ್ನು ಆಚೆ ಎಸೆಯಲಾರದೆ ಕೆಳಕ್ಕೇ ಸುರಿದವು.

“ನಾಳಿ ಸಂಜಿಗೆ ಸರಿ ಮಾಡ್ರಿ. ಇಲ್ಲಂದ್ರ ಗಂಟುಮೂಟಿ ಕಟ್ರಿ,” ಎಂದರು ಗಿರಣಿಯ ಸಾಹುಕಾರರು.

ಮರುದಿನ ಬುಟ್ಟಿಗಳ ವೇಗ ಹೆಚ್ಚಿಸುವಂಥ ದೊಡ್ಡ ಪುಲ್ಲಿ ತರಲು ಬಳ್ಳಾರಿಗೆ ಬಂದೆ. ಎಷ್ಟು ದೊಡ್ಡದು? ಅದೇ ತಿಳಿಯದೆ ಬಸ್ಸು ನಿಲ್ಲುವಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತೆ. ಎದುರಿನ ಬೇವಿನ ಕಟ್ಟೆಗೆ ಒಬ್ಬ ಅಜ್ಜಿ ಪ್ರದಕ್ಷಿಣೆ ಹಾಕುತ್ತಿದ್ದರು. ಮುಖ ಪೂರ್ವಕ್ಕಿತ್ತು, ಆಮೇಲೆ ದಕ್ಷಿಣಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ. ನಿಂತಲ್ಲಿ ಗಿರಕಿ ಹೊಡೆಯದೆಯೇ ಆಕೆ ತಾವೂ ಒಂದು ಸುತ್ತು ತಿರುಗಿದ್ದರು! ಚೌಕಟ್ಟು ಸುತ್ತಿ ಬರುವಾಗಲೂ ಹಾಗೆಯೇ ಸೂರ್ಯಗಾಲಿಗೆ ಒಂದು ಸುತ್ತು ಹೆಚ್ಚಾಗುತ್ತದೆ. ಅದನ್ನು ನಾನು ಕೂಡಿಸಿಯೇ ಇರಲಿಲ್ಲ. ಸೂರ್ಯ ತಿರುಗಬೇಕಾದದ್ದು ಮೂರಲ್ಲ, ನಾಲ್ಕು.

ವರ್ಕ್‌ಶಾಪಿಗೆ ಓಡಿ, ತಕ್ಕ ಪುಲ್ಲಿ ತಂದು ಬಸ್ಸು ಹತ್ತಿದರೆ ಪಕ್ಕದಲ್ಲಿ ಅದೇ ಅಜ್ಜಿ! ಕುರುಗೋಡಿನವರಂತೆ, ತೆಕ್ಕಲಕೋಟೆಯ ಮಗಳ ಮನೆಗೆ ಹೊರಟಿದ್ದರು.

“ಏನಪ್ಪಾ ಅದು ತೊಡಿ ಮ್ಯಾಲೆ?” ಎಂದರು. ತಡೆಯಲಾರದೆ ಸೂರ್ಯ, ಗ್ರಹ, ಬಿಟ್ಟುಹೋದ ಸುತ್ತು ಎಲ್ಲ ಹೇಳಿಬಿಟ್ಟೆ.

“ನನಗೇನೂ ತಿಳಿಯಂಗಿಲ್ಲಪ್ಪಾ. ಆದ್ರ ಎಷ್ಟು ಖುಷಿಲೆ ಹೇಳ್ತಿ! ಇನ್ನೊಮ್ಮಿ ಹೇಳು.”

ದಾರಿಯುದ್ದಕ್ಕೂ ಹೇಳಿದೆ. ಇಳಿಯುವಾಗ, “ಭತ್ತ ಮ್ಯಾಲೆ ಹೋತೋ ಇಲ್ಲೋ, ನನಗ ಬಂದು ಹೇಳಬೇಕು ನೋಡು,” ಎಂದರು.

ಸಂಜೆ ಭತ್ತ ಸರಾಗವಾಗಿ ಮೇಲೆ ಹೋಯಿತು. ಸಾಹುಕಾರರು “ಹ್ಞೂಂ” ಎಂದು ಒಳಗೆ ಹೋದರು. ಗೆದ್ದ ದಿನವೇ ನನಗೆ ಅಳು ಬಂತು.

ಭಾನುವಾರ ತೆಕ್ಕಲಕೋಟೆಗೆ ಹೋದೆ. ಅಜ್ಜಿಯ ಹೆಸರನ್ನೇ ಕೇಳಿರಲಿಲ್ಲ, ದಡ್ಡ! ಕಂಡಕಂಡವರನ್ನು ವಿಚಾರಿಸಿದೆ. ಕೊನೆಗೆ ಒಬ್ಬ ಹೆಣ್ಣುಮಗಳು, “ಆಕಿ ನಿಮಗೇನಾಗಬೇಕ್ರಿ?” ಎಂದು ಅನುಮಾನದಿಂದ ಕೇಳಿದಳು.

ಏನೂ ಆಗಬೇಕಿಲ್ಲ ಎನ್ನಲು ಮನಸ್ಸಿಲ್ಲದೆ, ಆಗಬೇಕು ಎನ್ನಲು ಹಕ್ಕಿಲ್ಲದೆ ಬಸ್ಸಿನತ್ತ ನಡೆದೆ. ಅಂದು ಅಜ್ಜಿ ಕೇಳಿದಷ್ಟು ಆಸೆಯಿಂದ ನನ್ನ ಮಾತನ್ನು ಆಮೇಲೆ ಯಾರೂ ಕೇಳಿಲ್ಲ.