ಉಗ್ರಾಣದ ಮೋಟಾರಿಗೆ ನೀರು ಹಾಕಿದ ದಿನ

ಮೋಟಾರಿಗೂ ಜೀವವಿದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಹಾಗೆ ಹೇಳುತ್ತಿದ್ದವರು ನನ್ನ ಗಂಡನೇ ಆದ್ದರಿಂದ ನಗುವಿನ ಜೊತೆಗೆ ಸಿಟ್ಟೂ ಬರುತ್ತಿತ್ತು. ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಬ್ಯಾಡಗಿಯಲ್ಲಿ ಅವರದು ಮೆಣಸಿನಕಾಯಿ ವ್ಯಾಪಾರ. ಹಾವೇರಿಯಿಂದ ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರಿಂದ ಆ ಹಳೆಯ ಮೋಟಾರು ಕಾರನ್ನು ಕೊಂಡಿದ್ದರು. ಹಸಿರು ಬಣ್ಣ, ಬಟ್ಟೆಯ ಮೇಲ್ಛಾವಣಿ, ಎರಡು ಹಿತ್ತಾಳೆಯ ದೀಪ. ಆ ದೀಪಗಳನ್ನು ಹುಣಸೆಹಣ್ಣು ಹಚ್ಚಿ ತಾವೇ ತಿಕ್ಕುತ್ತಿದ್ದರು. ನನ್ನ ದೇವರ ಸಾಮಾನಿಗೆ ಹುಣಸೆ ಉಳಿಯುತ್ತಿರಲಿಲ್ಲ. ಕೆಲಸವಿಲ್ಲದಿದ್ದರೂ ಕಾಗಿನೆಲೆಯವರೆಗೆ ಹೋಗಿ ಬರುತ್ತಿದ್ದರು. ಯಾಕೆಂದು ಕೇಳಿದರೆ, "ಏರಿನ್ಯಾಗ ಅದರ ದನಿ ಕೇಳಬೇಕು ನೋಡು," ಎನ್ನುತ್ತಿದ್ದರು. ನನ್ನ ದನಿಯನ್ನು ಅಷ್ಟು ಕಿವಿಗೊಟ್ಟು ಅವರು ಎಂದೂ ಕೇಳಿದ್ದಿಲ್ಲ.

ಮಹಾಯುದ್ಧ ಬಂದ ಮೇಲೆ ಪೆಟ್ರೋಲು ಸಿಗದಾಯಿತು, ಟೈರೂ ಸಿಗದಾಯಿತು. ಗಾಲಿ ಬಿಚ್ಚಿ, ಮನೆಯ ಹಿಂದಿನ ಉಗ್ರಾಣದಲ್ಲಿ ಮೆಣಸಿನಕಾಯಿ ಚೀಲಗಳ ಪಕ್ಕ ಅದನ್ನು ಕಲ್ಲುಗಳ ಮೇಲೆ ನಿಲ್ಲಿಸಿದರು.

ಹಾಗೆ ನಿಲ್ಲಿಸಿದ ಎರಡನೆಯ ಮಳೆಗಾಲದಲ್ಲಿ ಅವರಿಗೆ ವಿಷಮಶೀತ ಜ್ವರ ಬಂತು. ಹದಿನೈದು ದಿನವಾದರೂ ಇಳಿಯಲಿಲ್ಲ. ಅಂದು ಬೆಳಿಗ್ಗೆ ನನ್ನ ಗುರುತೇ ಹಿಡಿಯಲಿಲ್ಲ. ರೈಲು ತಪ್ಪಿದ್ದರಿಂದ ಮೈದುನ ಶಿವಪ್ಪ ಸೈಕಲ್ಲು ಹತ್ತಿ ರಾಣೆಬೆನ್ನೂರಿನ ಡಾಕ್ಟರನ್ನು ಕರೆತರಲು ಹೊರಟ. ಮಧ್ಯಾಹ್ನ ಕಳೆದರೂ ಬರಲಿಲ್ಲ. ಹೊರಗೆ ಜಡಿಮಳೆ. ಹಣೆಗೆ ಹಾಕಿದ ಒದ್ದೆ ಬಟ್ಟೆ ನೋಡುನೋಡುತ್ತ ಒಣಗುತ್ತಿತ್ತು. ಅತ್ತೆ ಮೂಲೆಯಲ್ಲಿ ಕುಳಿತು, ಎಲ್ಲ ಮುಗಿದೇ ಹೋಯಿತೆಂಬಂತೆ ಅಳುತ್ತಿದ್ದರು.

ಇದ್ದಕ್ಕಿದ್ದಂತೆ ನನ್ನ ಗಂಡ ಕಣ್ಣು ಬಿಟ್ಟು, "ಗಾಡಿ ಕಾದೈತಿ. ನೀರು ಹಾಕ್ರಿ, ಲಗೂ," ಎಂದರು. ಲೋಟ ಬಾಯಿಗೆ ಹಿಡಿದೆ. ಮುಖ ತಿರುಗಿಸಿದರು. "ನನಗಲ್ಲ, ಅದಕ್ಕ!"

"ಬಾಯಿಗೆ ಬಂದದ್ದ ಅನ್ನಾಕತ್ತಾನ, ಬಿಡವ್ವ," ಎಂದರು ಅತ್ತೆ.

ಆದರೆ ಅವರು ನಿಲ್ಲಿಸಲಿಲ್ಲ. ನನಗೆ ತಲೆ ಕೆಟ್ಟಿತು. ಸಾಯುವ ಹೊತ್ತಿನಲ್ಲೂ ಅದರದೇ ಧ್ಯಾನವೇ? ಬಾಗಿಲ ಬಳಿಯಿದ್ದ ಕೊಡ ಎತ್ತಿಕೊಂಡು ಮಳೆಯಲ್ಲೇ ಉಗ್ರಾಣಕ್ಕೆ ಓಡಿದೆ. ನೀರು ಹಾಕಲು ಹೋದೆನೋ, ಕೊಡವನ್ನೇ ಅದರ ಮೇಲೆ ಎತ್ತಿಹಾಕಲು ಹೋದೆನೋ, ನನಗೇ ಗೊತ್ತಿರಲಿಲ್ಲ. ಒಳಗೆ ಮೈ ನಡುಗಿಸುವ ಚಳಿ. ಮೋಟಾರಿನ ಮೂತಿಯ ಮೇಲೆ ಕೈಯಿಟ್ಟೆ. ಅಂಗೈ ಚುರ್ ಎಂದಿತು.

ಅಲ್ಲಿ ಬೆಂಕಿಯಿರಲಿಲ್ಲ, ಬಿಸಿಲಿರಲಿಲ್ಲ. ವರ್ಷಕ್ಕೂ ಮೇಲೆ ಒಂದು ಹನಿ ಪೆಟ್ರೋಲು ಕಾಣದ ಯಂತ್ರ ಅದು. ಆದರೂ ಕಬ್ಬಿಣ ಸುಡುತ್ತಿತ್ತು. ಹೆದರಿಕೆಗಿಂತ ಮೊದಲು ನನಗೆ ಅಳು ಬಂತು. "ಅವರನ್ನ ಬಿಟ್ಟು ಕೊಡು," ಎಂದೆ. ಯಾರಿಗೆ ಹೇಳಿದೆನೋ! ಕೈಗೆ ಸೆರಗು ಸುತ್ತಿಕೊಂಡು ಅವರು ನೀರು ಹಾಕುತ್ತಿದ್ದ ಮುಚ್ಚಳ ತಿರುಗಿಸಿ, ಕೊಡದ ನೀರನ್ನೆಲ್ಲ ಸುರಿದೆ. ಒಳಗೆ ಸೊಂಯ್ ಎಂದು ಸದ್ದಾಗಿ ಮುಖಕ್ಕೆ ಹಬೆ ಹೊಡೆಯಿತು. ಓಡಿಹೋಗಿ ಇನ್ನೊಂದು ಕೊಡ ತಂದು ಹಾಕಿದೆ. ಆಗ ಹಬೆ ನಿಂತಿತು.

ಮನೆಯೊಳಗೆ ಬಂದಾಗ ಗಂಡನ ಮೈಯೆಲ್ಲ ಬೆವರಿನಿಂದ ತೊಯ್ದಿತ್ತು. ಅತ್ತೆ ಅಳು ಮರೆತು ಒರೆಸುತ್ತಿದ್ದರು.

ಸಂಜೆಯ ರೈಲಿಗೆ ಬಂದ ಡಾಕ್ಟರು, ಈ ಜ್ವರ ಹೀಗೆ ಬೆವರಿ ಇಳಿಯುವುದುಂಟು ಎಂದರು. ಇರಬಹುದು. ನನ್ನ ಅಂಗೈಯ ಬೊಬ್ಬೆಗೂ ಮುಲಾಮು ಹಚ್ಚಿ, ಒಲೆ ತಾಗಿತೇ ಎಂದು ಕೇಳಿದರು. ನಾನು ಹೂಂ ಎಂದೆ.

ಯುದ್ಧ ಮುಗಿದು ಗಾಲಿ ಹಾಕಿದ ದಿನ ಅವರು ಉಗ್ರಾಣದಿಂದ ಕೂಗಿದರು. "ಇದರಾಗ ನೀರು ಯಾರು ತುಂಬ್ಯಾರ? ನಾನ ಎಲ್ಲಾ ಬಸಿದು ಇಟ್ಟಿದ್ದೆ."

"ನಾನ ಹಾಕೀನ್ರಿ," ಎಂದೆ.

"ನೀನಾ? ಯಾಕ?"

"ಸುಮ್ನ," ಎಂದೆ.

ಅವರು ತಮ್ಮ ಪಕ್ಕದ ಸೀಟಿನ ಧೂಳು ಒರೆಸಿ, "ಬಾ, ಕುಂದ್ರು," ಎಂದರು. ನಾನು ಹತ್ತಿ ಕುಳಿತೆ.