ತೊಳೆದ ತತ್ತಿ

ಕೈಯಲ್ಲಿದ್ದ ತತ್ತಿಗೆ ಕೆಸರು ಮೆತ್ತಿತ್ತು, ಒಂದು ಬಿಳಿ ಪುಕ್ಕವೂ ಅಂಟಿಕೊಂಡಿತ್ತು. ಕಳೆದ ವಾರ ಮುಧೋಳದಲ್ಲಿ ಸಹೋದ್ಯೋಗಿಯೊಬ್ಬರ ಹೊಸ ಮನೆಗೆ ಹೋಗಿದ್ದೆ. ಅವರ ಹಿತ್ತಲಿನಲ್ಲಿ ಸಿಮೆಂಟಿನ ಸಣ್ಣ ತೊಟ್ಟಿ, ಅದರ ಸುತ್ತ ಐದಾರು ಬಾತುಕೋಳಿ. ಹುಲ್ಲಿನಲ್ಲಿ ಸಿಕ್ಕ ತತ್ತಿಯನ್ನು ನಳದ ಕೆಳಗೆ ಹಿಡಿಯಲು ಹೋದಾಗ ಅವರ ಹೆಂಡತಿ ಓಡಿ ಬಂದರು.

"ತೊಳೀಬ್ಯಾಡ್ರೀ ಅಕ್ಕಾವ್ರ! ಕಾವಿಗೆ ಇಡೂದೈತಿ ಅದನ್ನ. ತೊಳದ್ರ ಒಳಗ ಕೆಟ್ಟು ಹೋಗ್ತಾವು, ಮರಿ ಆಗಂಗಿಲ್ಲ."

ನಾನು ನಳ ನಿಲ್ಲಿಸಿದೆ. ಬೀಳಗಿಯಲ್ಲಿ ನಮ್ಮ ಬಾಜೂಮನೆಯ ಕಾಕು ನೆನಪಾದಳು...

ಆಣೆಕಟ್ಟಿನ ಹಿನ್ನೀರು ಏರಿ ಹೊಳೆದಂಡೆಯ ಊರುಗಳು ಖಾಲಿಯಾದ ಮೇಲೆ, ಕಾಕಾ ಮತ್ತು ಕಾಕು ನಮ್ಮ ಓಣಿಯಲ್ಲಿ ಮನೆ ಕಟ್ಟಿಕೊಂಡು ಬಂದಿದ್ದರು. ಟ್ರ್ಯಾಕ್ಟರಿನಲ್ಲಿ ಬಂದ ಸಾಮಾನುಗಳ ನಡುವೆ ದನಗಳಿಗೆ ನೀರು ಕುಡಿಸುವ ಒಂದು ಕಲ್ಲಿನ ದೋಣಿ ಇತ್ತು. ದನಗಳಿರಲಿಲ್ಲ, ಮಾರಿಬಿಟ್ಟಿದ್ದರು. ಅವುಗಳ ಬದಲು ಬುಟ್ಟಿಯಲ್ಲಿ ನಾಲ್ಕು ಬಾತುಕೋಳಿ ಬಂದವು. ಊರು ಬಿಡುವಾಗ ಅಂಬಿಗರ ಮುದುಕಿಯೊಬ್ಬಳು ಅವನ್ನು ಕಾಕುವಿನ ಕೈಗೆ ಕೊಟ್ಟು ಹೋಗಿದ್ದಳಂತೆ. ದಿನಾ ಹೊಳೆಗೆ ಹೋದಾಗ ಕಾಕು ಅವಕ್ಕೆ ಜೋಳದ ನುಚ್ಚು ಹಾಕುತ್ತಿದ್ದ ಋಣ ಅದು.

ಹೊಳೆಯಲ್ಲಿ ಈಜಿದ ಬಾತುಗಳಿಗೆ ಹಿತ್ತಲಿನ ದೋಣಿಯೇ ಹೊಳೆಯಾಯಿತು. ಅದರಲ್ಲಿ ಒಂದಕ್ಕೆ ಮಾತ್ರ ಜಾಗ. ಅದು ಮುಳುಗಿ ಏಳುವವರೆಗೆ ಉಳಿದ ಮೂರು ನಳದ ಮುಂದಿನ ಕೊಡಗಳ ಹಾಗೆ ಸಾಲಾಗಿ ನಿಲ್ಲುತ್ತಿದ್ದವು, ಒದರುತ್ತಿದ್ದವು. ನಮ್ಮದು ತತ್ತಿ ತಿನ್ನದವರ ಓಣಿ. ಎದುರುಮನೆಯ ಕಿರಾಣಿ ಅಂಗಡಿಯವನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ.

"ಏನ್ರೀ ಕಾಕೂ, ತತ್ತಿ ತಿನ್ನಂಗಿಲ್ಲ, ಮಾರಂಗಿಲ್ಲ. ಇವಕ್ಕ ಪಗಾರ ಕೊಟ್ಟು ಇಟ್ಟೀರೇನು?"

"ಹೂಂನಪಾ. ಹೊಳೀ ಸುದ್ದಿ ಹೇಳ್ತಾವು. ನಿನ್ನಂಗ ಮಂದೀ ಸುದ್ದಿ ಹೇಳಂಗಿಲ್ಲ."

ಆ ವರ್ಷ ನಾನು ಚೊಚ್ಚಲ ಹೆರಿಗೆಗೆಂದು ಐದು ತಿಂಗಳಿಗೇ ತವರಿಗೆ ಬಂದಿದ್ದೆ. ಮಧ್ಯಾಹ್ನವೆಲ್ಲ ಹಿತ್ತಲ ಗೋಡೆಗೆ ಒರಗಿ ಕಾಕುವಿನ ಜೊತೆ ಮಾತಾಡುತ್ತಿದ್ದೆ. ಆಗಿನ ನನ್ನ ದಿನಚರಿಯಲ್ಲಿ ಬಾತುಗಳ ಬಗ್ಗೆ ಒಂದು ಸಾಲೂ ಇಲ್ಲ. ಬರೀ ಕಾಲು ಬಾವು, ನಿದ್ದೆ ಇಲ್ಲ ಎಂಬ ಗೋಳು. ಹಾಗಾಗಿ ಇಲ್ಲಿ ಬರೆಯುವುದೆಲ್ಲ ನೆನಪಿನ ಭರವಸೆಯ ಮೇಲೆ, ಮತ್ತು ಆ ಭರವಸೆ ನನಗೆ ಅಷ್ಟಿಲ್ಲ.

ಆದರೆ ಈ ಮಾತು ಕಾಕುವಿನ ದನಿಯಲ್ಲೇ ಉಳಿದಿದೆ: "ದನಾ ಮಾರಿದ್ವಿ, ಮನೀ ಬಾಗಲಾ ಮಾರಿದ್ವಿ. ಊರಾಗಿಂದು ಜೀವಂತ ಇರೂದಂದ್ರ ಇವ ನೋಡವಾ. ಮುದಿ ಆಗೂದ್ರಾಗ ಎರಡು ಮರಿ ಆಗಬೇಕು."

ಬಾತುಗಳು ತತ್ತಿ ಇಟ್ಟು ಎದ್ದು ಹೋಗುತ್ತಿದ್ದವು, ಕಾವಿಗೆ ಕೂರುತ್ತಿರಲಿಲ್ಲ. ಅದಕ್ಕೆ ಕೋಳಿ ಬೇಕು. ಓಣಿಯ ಕೊನೆಗಿದ್ದ ಒಂದೇ ಮುಸ್ಲಿಂ ಮನೆಯ ಆಪಾ ಕೋಳಿ ಸಾಕಿದ್ದಳು. ಕಾವಿಗೆ ಬಂದ ತನ್ನ ಹೇಂಟೆಯ ಕೆಳಗೆ ಇಡಲು ಒಪ್ಪಿದಳು. ಕಾಕು ದಿನಾ ಬೆಳಿಗ್ಗೆ ತತ್ತಿ ಆರಿಸಿ, ನಳದ ಕೆಳಗೆ ಹಿಡಿದು, ದೇವರಮನೆಯ ಹಿತ್ತಾಳೆ ಸಾಮಾನಿನಷ್ಟು ಜತನದಿಂದ ತಿಕ್ಕಿ ತೊಳೆದು, ಸೆರಗಿನಿಂದ ಒರೆಸಿ ಬುಟ್ಟಿಯಲ್ಲಿಡುತ್ತಿದ್ದಳು. "ಮಂದೀ ಮನೀಗೆ ಹೊಲಸು ತತ್ತಿ ಹ್ಯಾಂಗ ಕೊಡೂದು?"

ಇದನ್ನು ನಾನು ಕಣ್ಣಾರೆ ಕಂಡಿದ್ದೆನೇ, ಅಥವಾ ಮುಧೋಳದ ಆ ನಳದ ಮುಂದೆ ನಿಂತಾಗ ಹೊಸದಾಗಿ ಕಂಡೆನೇ? ವಾರದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಆದರೆ ಬುಟ್ಟಿ ನೋಡಿ ಆಪಾ ನಕ್ಕು ಅಂದದ್ದು ನೆನಪಿದೆ: "ಇಷ್ಟು ಚೊಕ್ಕ ತತ್ತಿ ನಾ ಹುಟ್ಟಿದಾಗಿಂದ ನೋಡಿಲ್ರಿ ಕಾಕೂ." ತೊಳೆದ ತತ್ತಿಯನ್ನು ಕಾವಿಗೆ ಇಟ್ಟು ನೋಡುವ ಪ್ರಸಂಗ ಅವಳಿಗಾದರೂ ಯಾಕೆ ಬಂದಿರಬೇಕು?

ತಿಂಗಳು ಕಳೆಯಿತು. ತತ್ತಿ ಒಡೆದು ನೋಡಿದರೆ ನಾತ. ಎರಡನೆಯ ಸಲವೂ ಹಾಗೇ. ನಳದ ಹತ್ತಿರ ಹೆಂಗಸರು "ಅದಕ್ಕೂ ಕೈಗುಣ ಬೇಕವಾ" ಎಂದು ಆಡಿಕೊಂಡರು. ಕಾಕುವಿಗೂ ಅದು ಕೇಳಿಸಿತು. ಮೂರನೆಯ ಸಲ ಅವಳು ತತ್ತಿಗಳನ್ನು ಇನ್ನಷ್ಟು ತಿಕ್ಕಿ ತೊಳೆದು, ಬುಟ್ಟಿಯನ್ನು ನಮ್ಮ ಅವ್ವನ ಕೈಯಲ್ಲಿ ಕಳಿಸಿದಳು. ಅವೂ ಕೆಟ್ಟವು. ಹಾಗಾದರೆ ಅವ್ವನ ಕೈಗುಣವೂ ಕೆಟ್ಟದ್ದೇ ಆಗಬೇಕಿತ್ತು, ಆದರೆ ಓಣಿಯ ಲೆಕ್ಕ ಬೇರೆ: "ಮೊದಲ ಮುಟ್ಟಿದಾಕಿ ಆಕೀನ ಅಲ್ಲ?"

ಒಂಬತ್ತನೆಯ ತಿಂಗಳಲ್ಲಿ ನನ್ನ ಕುಬಸದ, ಅಂದರೆ ಸೀಮಂತದ, ದಿನ ಹೆಂಗಸರೆಲ್ಲ ಸರದಿಯಂತೆ ಉಡಿ ತುಂಬುತ್ತಿದ್ದರು. ಕಾಕು ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿದ್ದ ರವಿಕೆಯ ಹಸಿರು ಖಣವನ್ನು ಅವ್ವನ ಕೈಗೆ ದಾಟಿಸಿದಳು.

"ನೀವ ಹಾಕ್ರಿ. ನನ್ನ ಕೈ ಬ್ಯಾಡ ಹುಡುಗೀಗೆ."

"ಏನ್ ಮಾತಾಡ್ತೀರಿ ವೈನಿ! ಬಾತಕೋಳಿಗೂ ನನ್ನ ಮಗಳಿಗೂ ಏನ್ ಸಂಬಂಧ?"

ಹೆಂಗಸರು ನಕ್ಕರು. ಕಾಕುವೂ ನಕ್ಕಳು. ಕೈ ಮಾತ್ರ ಸೆರಗಿನೊಳಗಿಂದ ಹೊರಗೆ ಬರಲಿಲ್ಲ.

ನನಗೆ ಮಗಳು ಹುಟ್ಟಿದಳು. ಕಾಕು ತೊಟ್ಟಿಲ ಹತ್ತಿರ ಕೂತು ಹಾಡುತ್ತಿದ್ದಳು, ಎತ್ತಿಕೊಳ್ಳುತ್ತಿರಲಿಲ್ಲ. ಬಾತುಗಳು ಒಂದೊಂದಾಗಿ ಕಡಿಮೆಯಾದವು. ಕೊನೆಯದು ದೋಣಿಯಲ್ಲಿ ಒಂದೇ ಇರುತ್ತಿತ್ತು, ಸರದಿ ಕಾಯುವವರು ಯಾರೂ ಇರಲಿಲ್ಲ... ಅದಾದ ಕೆಲವು ವರ್ಷಕ್ಕೆ ಕಾಕುವೂ ಹೋದಳು.

ತೊಳೆದದ್ದೇ ಕಾರಣ ಎಂದು ನಾನು ಆಣೆ ಮಾಡಿ ಹೇಳಲಾರೆ. ಗಂಡು ಬಾತು ಮುದಿಯಾಗಿದ್ದಿರಬಹುದು, ಹೇಂಟೆ ಸರಿಯಾಗಿ ಕೂರದೆ ಇದ್ದಿರಬಹುದು. ಕೈ ಮಾತ್ರ ಕಾರಣವಾಗಿರಲಿಲ್ಲ.

ಮುಧೋಳದಿಂದ ಬಂದ ಸಂಜೆಯೇ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಬರೀ ನೀರಿಂದ ಆಗಿತ್ತೇನು?" ಅಂದಳು ಅವ್ವ. "ಆ ಖಣಾ ನಾನ ಹಾಕಿದೆ ನೋಡು ನಿನ್ನ ಉಡ್ಯಾಗ. ಆಕೀ ಕೈ ಹಿಡದು ಹಾಕಿಸಬೇಕಿತ್ತವಾ..."