ತಲೆಯ ಮೇಲಿನ ಬಿಸಿನೀರು

ರೈಲ್ವೆ ವರ್ಕ್‌ಶಾಪಿನ ನೌಕರಿಗಾಗಿ ಧಾರವಾಡ ಬಿಟ್ಟು ವಡೋದರೆಗೆ ಬಂದಿದ್ದ ಹಯವದನ, ೧೯೬೪ರ ಚಳಿಗಾಲದಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆಗೆ ಕರೆಂಟಿನ ಬಾಯ್ಲರ್ ತಂದ. ಯಾವುದೋ ಬಂಗಲೆ ಖಾಲಿಯಾಗುವಾಗ ಸಿಕ್ಕ, ಎದೆಯೆತ್ತರದ ತಾಮ್ರದ ಸಿಲಿಂಡರು. ತಾಯಿಯ ಮಂಡಿನೋವಿಗೆ ಬಿಸಿನೀರೇ ಮದ್ದೆಂದು ಅವನ ನಂಬಿಕೆ. ಬಚ್ಚಲಿನ ಗೋಡೆಗೆ ಎರಡು ಕಬ್ಬಿಣದ ತೋಳು ಹೂಡಿ, ಹಲಗೆ ಹಾಸಿ, ಅದನ್ನು ಮೇಲೆ ಕೂರಿಸಿದ.

ನೀರು ತುಂಬಿದಾಗ ಹಲಗೆ ಒಮ್ಮೆ ನರಳಿತು. ಹೆಂಡತಿ ಸರಸ್ವತಿ ಹೊಸ್ತಿಲಲ್ಲೇ ನಿಂತಳು.

"ಅಲ್ರೀ, ಖಾಲಿ ಇದ್ದಾಗನ ನಾಕ ಮಂದಿ ಹೊತ್ತ ತಂದ್ರಿ. ಈಗ ನೀರಿನ ಭಾರ ಯಾರು ಹೊರತಾರ?"

"ಗ್ವಾಡಿ ಹೊರತದ," ಎಂದು ಅವನು ನಕ್ಕ.

ಗೋಡೆ ಹಳೆಯ ಗಾರೆಯದು. ಬೆಳಿಗ್ಗೆ ಬಚ್ಚಲು ತೊಳೆಯಹೋದರೆ ಹಾಸುಗಲ್ಲಿನ ಮೇಲೆ ಜರಡಿ ಹಿಡಿದಂತೆ ಬಿಳಿ ಪುಡಿ. ತೊಳೆದರೆ ಮರುದಿನ ಮತ್ತೆ ಅಷ್ಟೇ. ಕೆಳಗಿನ ಮನೆಯ ಮುದುಕಿಯೂ ಮೆಟ್ಟಿಲಲ್ಲಿ ತಡೆದು, "ಉಪರ್ ಶುಂ ಥಾಯ್ ಛೇ, ಬೇನ್?" ಎನ್ನುತ್ತ, ಮೇಲೇನಾಗುತ್ತಿದೆಯೆಂದು ಕೇಳಿ, ತನ್ನ ಮನೆಯ ಬಿರಿದ ಚಾವಣಿಯತ್ತ ಬೆರಳು ಮಾಡಿದಳು. ಸರಸ್ವತಿ ಅಡುಗೆಮನೆಯಲ್ಲೇ ನೀರು ಕಾಸಿಕೊಂಡು, ಕೆಳಗಿಳಿದು ಹಿತ್ತಿಲಲ್ಲಿ ಮೀಯತೊಡಗಿದಳು. "ತವರಮನಿ ರೂಢಿ ಬಿಡವಲ್ಲಳು," ಎಂದು ಅತ್ತೆ ಚುಚ್ಚಿದರು.

ಒಂದು ದಿನ ಅತ್ತೆ ಒಳಗೆ ಮೀಯುತ್ತಿದ್ದಾಗ, ಬಚ್ಚಲಿನ ಗೋಡೆಯ ಹೊರಮೈಯಲ್ಲಿ ಸರಸ್ವತಿಗೆ ಬಿರುಕು ಕಂಡಿತು. ಬೆರಳು ಇಟ್ಟಳು, ಬೆರಳು ಒಳಗೇ ಹೋಯಿತು.

"ಅತ್ತೀ, ಚಿಲಕಾ ತಗೀರಿ! ಹ್ಯಾಂಗದೀರಿ ಹಂಗ ಹೊರಗ ಬರ್ರಿ!"

ಒದ್ದೆ ಸೀರೆಯಲ್ಲಿ ನಡುಗುತ್ತ ಅತ್ತೆ ಬಂದರು. ಏನೂ ಬೀಳಲಿಲ್ಲ. ಬಾಯ್ಲರ್ ಇದ್ದಲ್ಲೇ ಕೂತಿತ್ತು. ಸಿಟ್ಟಿಗೆ ಅತ್ತೆ ಅಂದು ಊಟ ಬಿಟ್ಟರು.

ಸಂಜೆ ಸಂಗತಿ ಕೇಳಿದ ಹಯವದನನ ಮುಖ ಕೆಂಪಾಯಿತು. "ಬೋಲ್ಟ್ ಬಿಗಿ ಮಾಡಿದ್ರ ಮುಗೀತು," ಎಂದು ಪಾನಾ ಹಿಡಿದು ಒಳಹೊಕ್ಕ.

"ಮೊದಲ ನೀರರೆ ಇಳಸ್ರಿ!"

ಅವನು ಆಗಲೇ ಬಾಯ್ಲರಿನ ಅಡಿ ಬಗ್ಗಿದ್ದ. ಪಾನಾ ತಿರುಗಿದ ಸದ್ದು, ಇಟ್ಟಿಗೆ ಕಿತ್ತುಬಂದ ಸದ್ದು, ಆಮೇಲೆ ಮನೆಯೇ ಕುಸಿದಂಥ ಆರ್ಭಟ. ಹೊಸ್ತಿಲು ದಾಟಿ ಹೊಗೆಯಾಡುವ ನೀರು ನುಗ್ಗಿತು. ಜಿಗಿದವನ ಎಡಗಾಲು ಮಾತ್ರ ತಾಮ್ರದ ಸಿಲಿಂಡರಿನ ಅಡಿ ಸಿಕ್ಕಿತ್ತು. ಸರಸ್ವತಿ ಮೊದಲು ಕರೆಂಟು ತೆಗೆದಳು. ಅತ್ತೆ ಸೊಸೆ ಇಬ್ಬರೂ ಆ ಸುಡುನೀರಿನಲ್ಲೇ ಮೊಣಕಾಲೂರಿ ಅವನನ್ನು ಎಳೆದರು.

ಹಯವದನ ಬದುಕಿದ. ಕಾಲು ಮಾತ್ರ ಮತ್ತೆ ಮಡಚಲಿಲ್ಲ. ಮನೆ ಊರಂಚಿನ ಮಂಜಲ್‌ಪುರಕ್ಕೆ ಬದಲಾಯಿತು. ಅಲ್ಲಿಯ ಬಚ್ಚಲಲ್ಲಿ ಹಿತ್ತಾಳೆ ಬಕೆಟ್ಟೊಂದು ಬಿಟ್ಟರೆ ಏನೂ ಇರಲಿಲ್ಲ. ಆದರೂ ಅತ್ತೆ ಬಾಗಿಲಲ್ಲಿ ನಿಂತು ಕರೆಯುವರು: "ಸರಸೂ, ಒಮ್ಮೆ ನೋಡಿ ಬಾರವ್ವ."

ಸರಸ್ವತಿ ನಗದೆ ಒಳಹೋಗಿ, ಗೋಡೆಯನ್ನು ಅಂಗೈಯಿಂದ ಸವರಿ ನೋಡಿ, ಆಮೇಲೆಯೇ "ಹೋಗ್ರಿ," ಅನ್ನುವಳು.